ಒಲ್ಲೆ, ಬೇಡ, ಆಗದು, ಅಲ್ಲ: ಇಂಗ್ಲಿಷಿನ ನಿರಾಕರಣೆ ಮತ್ತು ಹಿನ್ನಡೆಯ ಪದಗಳನ್ನು ಆರಿಸಿಕೊಳ್ಳುವ ಬಗೆ

ಕನ್ನಡದಲ್ಲಿ ‘ನಿರಾಕರಿಸು’ ಎಂಬ ಒಂದೇ ಕ್ರಿಯಾಪದ ಬಹಳಷ್ಟು ಕೆಲಸಗಳನ್ನು ಹೊತ್ತುಕೊಂಡಿದೆ. ಆರೋಪಿ ಆರೋಪವನ್ನು ನಿರಾಕರಿಸುತ್ತಾನೆ, ನೆಂಟರು ಎರಡನೆಯ ಲೋಟ ಕಾಫಿಯನ್ನು ನಿರಾಕರಿಸುತ್ತಾರೆ, ಬ್ಯಾಂಕು ಸಾಲದ ಅರ್ಜಿಯನ್ನು ನಿರಾಕರಿಸುತ್ತದೆ, ನೌಕರ ಸುಳ್ಳು ಲೆಕ್ಕಕ್ಕೆ ಸಹಿ ಹಾಕಲು ನಿರಾಕರಿಸುತ್ತಾನೆ. ಈ ನಾಲ್ಕೂ ವಾಕ್ಯಗಳು ಕನ್ನಡದಲ್ಲಿ ಸರಿಯಾಗಿಯೇ ಇವೆ. ಇಂಗ್ಲಿಷಿನಲ್ಲಿ ಮಾತ್ರ ಇವಕ್ಕೆ ಕ್ರಮವಾಗಿ ಡಿನೈ, ಡಿಕ್ಲೈನ್, ರಿಜೆಕ್ಟ್, ರಿಫ್ಯೂಸ್ ಎಂಬ ನಾಲ್ಕು ಬೇರೆ ಪದಗಳು ಬೇಕಾಗುತ್ತವೆ, ಮತ್ತು ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಅರ್ಥ ಕೆಡುತ್ತದೆ, ಇಲ್ಲವೇ ಮಾತು ಒರಟಾಗುತ್ತದೆ.

ಉದ್ಯೋಗಕ್ಕಾಗಿ ಇಂಗ್ಲಿಷ್ ಕಲಿಯುವ ವಯಸ್ಕರಿಗೆ ಪಾಠ ಹೇಳುವ ನನಗೆ ಈ ತೊಡಕು ಪದೇ ಪದೇ ಎದುರಾಗಿದೆ. ಒಮ್ಮೆ ನನ್ನ ತರಗತಿಯ ಹುಡುಗಿಯೊಬ್ಬಳಿಗೆ ಎರಡು ಕಂಪನಿಗಳಿಂದ ಕೆಲಸದ ಕರೆ ಬಂದಿತ್ತು. ತಾನು ಸೇರದಿರಲು ನಿರ್ಧರಿಸಿದ ಕಂಪನಿಗೆ ಅವಳು ‘ಐ ರಿಜೆಕ್ಟ್ ಯುವರ್ ಆಫರ್’ ಎಂದು ಬರೆದು ಕಳಿಸಿದಳು. ಅವಳ ಮನಸ್ಸಿನಲ್ಲಿದ್ದದ್ದು ‘ಕ್ಷಮಿಸಿ, ಬರಲಾಗುತ್ತಿಲ್ಲ’ ಎಂಬ ವಿನಯ. ಓದಿದವರಿಗೆ ತಲುಪಿದ್ದು ‘ನೀವು ಕೊಟ್ಟದ್ದು ನನ್ನ ಯೋಗ್ಯತೆಗೆ ತಕ್ಕುದಲ್ಲ’ ಎಂಬ ಧ್ವನಿ. ಆ ವಾಕ್ಯದಲ್ಲಿ ವ್ಯಾಕರಣದ ತಪ್ಪು ಒಂದೂ ಇರಲಿಲ್ಲವಾದ್ದರಿಂದ, ಎಡವಿದ್ದು ಎಲ್ಲಿ ಎಂದು ಅವಳಿಗೆ ತಾನಾಗಿ ತಿಳಿಯುವ ದಾರಿಯೂ ಇರಲಿಲ್ಲ. ಅಂದಿನಿಂದ ನಾನು ಈ ಪದಗಳನ್ನು ಪಟ್ಟಿ ಕೊಟ್ಟು ಕಲಿಸುವುದನ್ನು ಬಿಟ್ಟು, ಕೆಳಗಿನ ಹೆಜ್ಜೆಗಳಲ್ಲಿ ಕಲಿಸುತ್ತಿದ್ದೇನೆ.

ಮೊದಲ ಹೆಜ್ಜೆ: ‘ನಿರಾಕರಿಸು’ ಪದವನ್ನು ಪಕ್ಕಕ್ಕಿಟ್ಟು, ಅದರೊಳಗಿನ ಕನ್ನಡವನ್ನು ಹುಡುಕಿ

‘ಇಲ್ಲ’ ಮತ್ತು ‘ಅಲ್ಲ’ಗಳ ನಡುವಣ ವ್ಯತ್ಯಾಸವನ್ನು ನಮ್ಮ ಮಕ್ಕಳು ಮಾತು ಕಲಿಯುವಾಗಲೇ ಕಲಿತುಬಿಡುತ್ತಾರೆ. ‘ಅವನು ಮನೆಯಲ್ಲಿ ಇಲ್ಲ’ ಎನ್ನುವುದಕ್ಕೂ ‘ಅವನು ಕಳ್ಳ ಅಲ್ಲ’ ಎನ್ನುವುದಕ್ಕೂ ಇಂಗ್ಲಿಷಿನಲ್ಲಿ ‘ನಾಟ್’ ಎಂಬ ಒಂದೇ ಪದ ಸಾಕಾಗುತ್ತದೆ, ನಮಗೆ ಸಾಕಾಗುವುದಿಲ್ಲ. ಇವಲ್ಲದೆ ಮನಸ್ಸಿಲ್ಲದಿರುವುದನ್ನು ಹೇಳಲು ‘ಒಲ್ಲೆ’, ಅಗತ್ಯವಿಲ್ಲದಿರುವುದನ್ನು ಹೇಳಲು ‘ಬೇಡ’, ತಕ್ಕುದಲ್ಲವೆನ್ನಲು ‘ಆಗದು’, ಕೈಬಿಗಿ ಹಿಡಿದಾಗ ‘ಕೊಡೆ’ ನಮ್ಮಲ್ಲಿವೆ. ಆದ್ದರಿಂದ ಇಂಗ್ಲಿಷ್ ವಾಕ್ಯ ಬರೆಯುವ ಮೊದಲು, ಅಲ್ಲಿ ‘ನಿರಾಕರಿಸಿದ’ ವ್ಯಕ್ತಿ ಬಾಯಿಬಿಟ್ಟು ಕನ್ನಡದಲ್ಲಿ ಏನೆಂದಿರುತ್ತಿದ್ದ ಎಂದು ಕೇಳಿಕೊಳ್ಳಿ. ‘ನಾನು ಮಾಡಲು ಒಲ್ಲೆ’ ಎಂದಿದ್ದರೆ ಅದು ರಿಫ್ಯೂಸ್. ‘ಬೇಡ, ನಿಮಗೆ ವಂದನೆ’ ಎಂದಿದ್ದರೆ ಡಿಕ್ಲೈನ್. ‘ನೋಡಿದೆ, ಇದು ಆಗದು’ ಎಂದಿದ್ದರೆ ರಿಜೆಕ್ಟ್. ‘ನೀವು ಹೇಳುತ್ತಿರುವುದು ನಿಜ ಅಲ್ಲ’ ಎಂದಿದ್ದರೆ ಡಿನೈ. ‘ಕೊಡೆ’ ಎಂಬುದರ ವಿಷಯ ನಾಲ್ಕನೆಯ ಹೆಜ್ಜೆಯಲ್ಲಿ ಬರುತ್ತದೆ.

ಎರಡನೆಯ ಹೆಜ್ಜೆ: ಒಲ್ಲೆಯೋ, ಬೇಡವೋ?

1893ರ ಜೂನ್ ತಿಂಗಳಲ್ಲಿ ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ, ಮೊದಲ ದರ್ಜೆಯ ಟಿಕೆಟು ಕೈಯಲ್ಲಿದ್ದ ಗಾಂಧೀಜಿಗೆ ಎದ್ದು ಕೆಳದರ್ಜೆಯ ಡಬ್ಬಿಗೆ ಹೋಗಬೇಕೆಂದು ಅಧಿಕಾರಿಗಳು ಹೇಳಿದರು. ಅವರು ಹೋಗಲು ಒಪ್ಪದಿದ್ದಾಗ ಅವರನ್ನು ರೈಲಿನಿಂದ ಹೊರದಬ್ಬಲಾಯಿತು. ಈ ಪ್ರಸಂಗಕ್ಕೆ ಇಂಗ್ಲಿಷಿನಲ್ಲಿ ಹೊಂದುವ ಕ್ರಿಯಾಪದ ರಿಫ್ಯೂಸ್. ಎದುರಿಗಿರುವವರು ಒತ್ತಾಯಿಸುತ್ತಿದ್ದಾರೆ ಅಥವಾ ಕೇಳುತ್ತಿದ್ದಾರೆ, ಈ ಕಡೆಯವರು ತಮ್ಮ ಇಚ್ಛೆಯನ್ನು ಮುಂದಿಟ್ಟು ಕದಲದೆ ನಿಂತಿದ್ದಾರೆ: ಇದೇ ಆ ಪದದ ತಿರುಳು. ಇಲ್ಲಿ ಡಿಕ್ಲೈನ್ ಎಂದು ಬರೆದರೆ, ಅಧಿಕಾರಿ ಆಹ್ವಾನಪತ್ರ ಕೊಟ್ಟಂತೆಯೂ ಗಾಂಧೀಜಿ ನಯವಾಗಿ ಕೈಮುಗಿದಂತೆಯೂ ಆಗಿ, ನಡೆದದ್ದರ ಕಾವೇ ಆರಿಹೋಗುತ್ತದೆ.

ಇಚ್ಛೆಯೇ ಇದರ ಜೀವಾಳವಾದ್ದರಿಂದ ರಿಫ್ಯೂಸ್ ಮಾಡುವವರು ಮನಸ್ಸಿರುವವರೇ ಆಗಿರಬೇಕು. ಓಟದಲ್ಲಿ ಬೇಲಿಯ ಮುಂದೆ ಬಂದು ಹಾರದೆ ನಿಂತುಬಿಡುವ ಕುದುರೆಗೂ ಇದೇ ಪದವನ್ನು ಬಳಸುತ್ತಾರೆ. ಎಂಜಿನ್ನಿಗೂ ಬಾಗಿಲಿಗೂ ಬಳಸುವುದುಂಟು. ಅದು ಚಳಿಗಾಲದ ಬೆಳಿಗ್ಗೆ ನಾವು ‘ಗಾಡಿ ಸ್ಟಾರ್ಟ್ ಆಗಲು ಒಲ್ಲದು’ ಎನ್ನುವಂಥದೇ ಮಾತು.

ಡಿಕ್ಲೈನ್ ಎಂಬುದರ ಲ್ಯಾಟಿನ್ ಮೂಲಕ್ಕೆ ಬಾಗಿ ಪಕ್ಕಕ್ಕೆ ಸರಿಯುವುದು ಎಂದರ್ಥ. ಕೊಡುವವರು ಗೌರವದಿಂದ ಏನನ್ನೋ ಚಾಚಿದ್ದಾರೆ, ನಾವು ಅವರ ಮುಖ ಬಾಡದಂತೆ ಪಕ್ಕಕ್ಕೆ ಸರಿಯುತ್ತಿದ್ದೇವೆ. ಆಹ್ವಾನ, ಹುದ್ದೆ, ಊಟ, ಪ್ರಶಸ್ತಿ, ಸಂದರ್ಶನದ ಕೋರಿಕೆ, ಇವೆಲ್ಲಕ್ಕೂ ಒಪ್ಪುವ ಪದ ಇದು. ಮೇಲೆ ಹೇಳಿದ ಹುಡುಗಿ ಬರೆಯಬೇಕಾಗಿದ್ದುದು ‘ಐ ಆಮ್ ಗ್ರೇಟ್‌ಫುಲ್ ಫಾರ್ ದಿ ಆಫರ್, ಬಟ್ ಐ ಹ್ಯಾವ್ ಟು ಡಿಕ್ಲೈನ್’ ಎಂದು. ಅಂಗಡಿಯ ಯಂತ್ರ ನಮ್ಮ ಕಾರ್ಡನ್ನು ಒಪ್ಪದಿದ್ದಾಗಲೂ ಪರದೆಯ ಮೇಲೆ ಬರುವ ಪದ ಡಿಕ್ಲೈನ್ಡ್ ಎಂಬುದೇ. ಗಿರಾಕಿಯ ಮರ್ಯಾದೆ ಕಾಯುವ ಪದವನ್ನೇ ಬ್ಯಾಂಕುಗಳು ಆರಿಸಿಕೊಂಡಿವೆ.

ಪ್ರಶಸ್ತಿಗಳ ವಿಷಯಕ್ಕೆ ಬಂದರೆ ಸ್ವಲ್ಪ ಹೆಚ್ಚು ಎಚ್ಚರ ಬೇಕು, ಏಕೆಂದರೆ ಇಲ್ಲಿ ಕಾಲದ ಪ್ರಶ್ನೆಯೂ ಸೇರಿಕೊಳ್ಳುತ್ತದೆ. 1964ರಲ್ಲಿ ಫ್ರಾನ್ಸಿನ ಝಾನ್ ಪಾಲ್ ಸಾರ್ತ್ರ್ ನೊಬೆಲ್ ಬಹುಮಾನವನ್ನು ಸ್ವೀಕರಿಸಲೇ ಇಲ್ಲ, ಅದು ಡಿಕ್ಲೈನ್. 1958ರಲ್ಲಿ ಸೋವಿಯತ್ ಕವಿ ಬೋರಿಸ್ ಪಾಸ್ತರ್ನಾಕ್ ಮೊದಲು ಒಪ್ಪಿಕೊಂಡು, ಬಳಿಕ ತಮ್ಮ ದೇಶದ ಒತ್ತಡಕ್ಕೆ ಸಿಕ್ಕಿ ಬೇಡವೆನ್ನಬೇಕಾಯಿತು. ಅಲ್ಲಿಯೂ ಡಿಕ್ಲೈನ್ ಎನ್ನುತ್ತಾರೆ, ಆದರೆ ಬಲವಂತವಾಗಿ ಎಂಬುದನ್ನು ಜೊತೆಗೆ ಸೇರಿಸಿ ಹೇಳುವುದು ನ್ಯಾಯ. ರವೀಂದ್ರನಾಥ ಟಾಗೋರರು 1915ರಲ್ಲಿ ಪಡೆದಿದ್ದ ನೈಟ್ ಪದವಿಯನ್ನು 1919ರಲ್ಲಿ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ಬಳಿಕ ತೊರೆದರು, ಅದು ರಿನೌನ್ಸ್. ನಮ್ಮ ಶಿವರಾಮ ಕಾರಂತರು ತಮಗೆ ಬಂದಿದ್ದ ಪದ್ಮಭೂಷಣವನ್ನು ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಸರ್ಕಾರಕ್ಕೆ ಮರಳಿಸಿದರು, ಅದು ರಿಟರ್ನ್. ಕಾರಂತರು ಪದ್ಮಭೂಷಣವನ್ನು ‘ನಿರಾಕರಿಸಿದರು’ ಎಂದು ಕನ್ನಡದಲ್ಲಿ ಬರೆದು, ಅದನ್ನೇ ಇಂಗ್ಲಿಷಿಗೆ ರಿಫ್ಯೂಸ್ ಎಂದು ತಿರುಗಿಸಿದರೆ, ಅವರು ಅದನ್ನು ಪಡೆದೇ ಇರಲಿಲ್ಲ ಎಂಬ ಸುಳ್ಳು ಚರಿತ್ರೆ ಓದುಗರ ಕೈಗೆ ಹೋಗುತ್ತದೆ. ಬೇಡವೆಂದದ್ದು ಕೈಗೆ ಬರುವ ಮೊದಲೋ, ಬಂದ ಮೇಲೋ ಎಂದು ನೋಡಿಯೇ ಪದ ಹಾಕಬೇಕು.

ಒಪ್ಪಂದಪತ್ರಗಳಲ್ಲಿ ‘ರೈಟ್ ಆಫ್ ಫಸ್ಟ್ ರಿಫ್ಯೂಸಲ್’ ಎಂಬ ಮಾತು ಬರುತ್ತದೆ. ನಿರಾಕರಿಸುವ ಹಕ್ಕು ಯಾರಿಗೆ ತಾನೇ ಬೇಕು ಎಂದು ಹಲವರು ಅದನ್ನು ಓದದೆ ದಾಟುತ್ತಾರೆ. ಆಸ್ತಿಯನ್ನಾಗಲಿ ಷೇರುಗಳನ್ನಾಗಲಿ ಮಾರುವವರು ಮೊದಲು ನಿಮ್ಮನ್ನೇ ಕೇಳಬೇಕು, ನೀವು ಬೇಡವೆಂದ ಮೇಲಷ್ಟೇ ಹೊರಗಿನವರಿಗೆ ಕೊಡಬಹುದು ಎಂಬುದು ಅದರ ಅರ್ಥ. ಅದು ಬೆಲೆಯುಳ್ಳ ಹಕ್ಕು, ಬಿಟ್ಟುಕೊಡುವ ಮುನ್ನ ಯೋಚಿಸಿ.

ಮೂರನೆಯ ಹೆಜ್ಜೆ: ಅಲ್ಲಿ ತೂಗಿ ನೋಡಿದ್ದಾರೆಯೇ?

ರಿಜೆಕ್ಟ್ ಎಂಬುದರ ಲ್ಯಾಟಿನ್ ಮೂಲದಲ್ಲಿ ಹಿಂದಕ್ಕೆ ಎಸೆಯುವುದು ಎಂಬ ಅರ್ಥವಿದೆ. ಕೈಗೆ ತೆಗೆದುಕೊಂಡು, ಅಳತೆಗೋಲಿಗೆ ಹಿಡಿದು, ‘ಆಗದು’ ಎಂದು ತಳ್ಳುವುದು ಅದರ ಚಿತ್ರ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಈ ಪದವನ್ನು ಯಾರೂ ವಿವರಿಸಬೇಕಿಲ್ಲ: ಹೊಲಿಗೆ ತಪ್ಪಿದ ಅಂಗಿಯನ್ನು ಚೆಕಿಂಗ್ ಮೇಜಿನಿಂದ ಪಕ್ಕಕ್ಕೆ ಹಾಕಿದರೆ ಅದು ‘ರಿಜೆಕ್ಟ್ ಪೀಸ್’. ಕಸಿ ಮಾಡಿದ ಮೂತ್ರಪಿಂಡವನ್ನು ದೇಹ ಪರಕೀಯವೆಂದು ಗುರುತಿಸಿ ಅದರ ಮೇಲೆ ಎರಗುವುದಕ್ಕೂ ವೈದ್ಯರು ರಿಜೆಕ್ಷನ್ ಎನ್ನುತ್ತಾರೆ. ಎರಡೂ ಕಡೆ ಪರಿಶೀಲನೆ ಇದೆ, ತೀರ್ಪಿದೆ. ಈ ಕಾರಣಕ್ಕೇ ಮನುಷ್ಯರ ಪ್ರೀತಿಯ ಕೊಡುಗೆಗೆ ರಿಜೆಕ್ಟ್ ಎಂದಾಗ ಅದು ಚುಚ್ಚುತ್ತದೆ.

2005ರ ಮಾಹಿತಿ ಹಕ್ಕು ಕಾಯ್ದೆಯ 7ನೆಯ ಕಲಮಿನಲ್ಲಿ ರಿಫ್ಯೂಸ್ ಮತ್ತು ರಿಜೆಕ್ಟ್ ಎರಡೂ ಇವೆ, ಮತ್ತು ಎರಡರ ನಡುವಣ ಗೆರೆ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅಧಿಕಾರಿ ಅರ್ಜಿಯನ್ನು ನೋಡಿ, ಕಾಯ್ದೆಯಲ್ಲಿ ಹೇಳಿರುವ ಕಾರಣಗಳಿಗೆ ತೂಗಿ ಕೊಡಲಾಗದು ಎಂದರೆ ಅದು ರಿಜೆಕ್ಟ್. ಆಗ ಅವರು ಕಾರಣವನ್ನೂ, ಮೇಲ್ಮನವಿಯ ಅವಧಿಯನ್ನೂ, ಮೇಲ್ಮನವಿ ಸಲ್ಲಿಸಬೇಕಾದ ಪ್ರಾಧಿಕಾರವನ್ನೂ ಬರೆದು ತಿಳಿಸಬೇಕು. ನಿಗದಿಯಾದ 30 ದಿನಗಳಲ್ಲಿ ಏನೂ ತೀರ್ಮಾನಿಸದೆ ಸುಮ್ಮನೆ ಕುಳಿತರೆ, ಅವರು ಕೋರಿಕೆಯನ್ನು ರಿಫ್ಯೂಸ್ ಮಾಡಿದ್ದಾರೆ ಎಂದು ಕಾಯ್ದೆ ಭಾವಿಸುತ್ತದೆ. ಮೌನಕ್ಕೆ ಪರಿಶೀಲನೆಯ ಗೌರವವಿಲ್ಲ, ಹಾಗಾಗಿ ಅದಕ್ಕೆ ರಿಜೆಕ್ಟ್ ಎಂಬ ಹೆಸರಿಲ್ಲ. ಮೇಲ್ಮನವಿ ಬರೆಯುವವರು ತಮಗಾದದ್ದು ಇವೆರಡರಲ್ಲಿ ಯಾವುದು ಎಂದು ಮೊದಲ ಸಾಲಿನಲ್ಲೇ ಸರಿಯಾಗಿ ಹೇಳಬೇಕು.

ಎಲ್ಲ ಕಚೇರಿಗಳೂ ಇದೇ ಗೆರೆಯನ್ನು ಪಾಲಿಸುತ್ತವೆ ಎಂದು ತಿಳಿಯಬೇಡಿ. ಬ್ರಿಟನ್ನಿನ ವಲಸೆ ಇಲಾಖೆಯಲ್ಲಿ ಹೆಚ್ಚುಕಡಿಮೆ ಇದರ ತಿರುಗುಮುರುಗು ಬಳಕೆ ಇದೆ: ಶುಲ್ಕ ಕಟ್ಟದ, ಬೆರಳಚ್ಚು ಕೊಡದ ಕಾರಣಕ್ಕೆ ಅರ್ಜಿ ಅಸಿಂಧುವಾಗಿ, ಒಳಗಿನ ವಿಷಯವನ್ನು ನೋಡದೆಯೇ ಹಿಂದಿರುಗಿದರೆ ಅದು ರಿಜೆಕ್ಟ್; ಪೂರ್ತಿ ಪರಿಶೀಲಿಸಿ ವೀಸಾ ಕೊಡುವುದಿಲ್ಲ ಎಂದರೆ ರಿಫ್ಯೂಸ್. ಮುಂದೆ ಬೇರೊಂದು ದೇಶದ ಅರ್ಜಿಯಲ್ಲಿ ‘ಎಂದಾದರೂ ನಿಮಗೆ ವೀಸಾ ರಿಫ್ಯೂಸ್ ಆಗಿದೆಯೇ’ ಎಂದು ಕೇಳಿದಾಗ, ಈ ವ್ಯತ್ಯಾಸ ತಿಳಿಯದವರು ತಪ್ಪು ಉತ್ತರ ಬರೆದು ತೊಂದರೆಗೆ ಸಿಕ್ಕಬಹುದು. ಅಮೆರಿಕದ ವೀಸಾ ಜಾಲತಾಣದಲ್ಲಿ ಇನ್ನೊಂದು ಬಗೆ. ಅಲ್ಲಿನ ವಲಸೆ ಕಾಯ್ದೆಯ 221(ಜಿ) ಕಲಮಿನಡಿ ಇನ್ನಷ್ಟು ದಾಖಲೆ ಬೇಕು, ಅಥವಾ ಹೆಚ್ಚಿನ ಪರಿಶೀಲನೆ ನಡೆಯಬೇಕು ಎಂದಿದ್ದಾಗಲೂ ಸ್ಥಿತಿ ತೋರಿಸುವ ಜಾಗದಲ್ಲಿ ‘ರಿಫ್ಯೂಸ್ಡ್’ ಎಂದೇ ಬರುತ್ತದೆ. ಮಕ್ಕಳನ್ನು ಓದಲು ಕಳಿಸುವ ಎಷ್ಟೋ ತಂದೆತಾಯಿಗಳು ಆ ಒಂದು ಪದ ಕಂಡು ಎದೆ ಒಡೆದುಕೊಳ್ಳುತ್ತಾರೆ. ಕೇಳಿದ ದಾಖಲೆ ಕೊಟ್ಟು ಪರಿಶೀಲನೆ ಮುಗಿದ ಮೇಲೆ ಅದೇ ಅರ್ಜಿಯ ಮೇಲೆ ವೀಸಾ ಸಿಗುವುದುಂಟು. ಆದ್ದರಿಂದ ಪದವನ್ನು ನೋಡಿ ನಿಲ್ಲದೆ, ಕೈಗೆ ಕೊಟ್ಟ ಚೀಟಿಯಲ್ಲಿ ಯಾವ ಕಲಮನ್ನು ಬರೆದಿದ್ದಾರೆ ಎಂದು ಓದಬೇಕು.

ನ್ಯಾಯಾಲಯದ ಮಾತು ಬಂದಾಗ ಡಿಸ್ಮಿಸ್ ಎಂಬ ಮೂರನೆಯದೂ ಇದೆ, ಅದಕ್ಕೆ ನಮ್ಮಲ್ಲಿ ‘ವಜಾ’ ಎಂಬ ಚೊಕ್ಕ ಪದವಿದೆ. ಸಿವಿಲ್ ದಾವೆಯಲ್ಲಿ ವಾದಪತ್ರ ಹೊಸಿಲಲ್ಲೇ ನಿಂತುಹೋದರೆ ರಿಜೆಕ್ಟ್, ದಾವೆಯೇ ಬಿದ್ದುಹೋದರೆ ಡಿಸ್ಮಿಸ್. ತಪ್ಪು ನ್ಯಾಯಾಲಯಕ್ಕೆ ಬಂದಿದೆ, ಸರಿಯಾದ ಕಡೆಗೆ ಹೋಗಿ ಎಂದು ವಾಪಸು ಕೊಟ್ಟರೆ ಅದು ರಿಟರ್ನ್, ಅದರಲ್ಲಿ ಸೋಲೇನೂ ಇಲ್ಲ.

ನಾಲ್ಕನೆಯ ಹೆಜ್ಜೆ: ಡಿನೈ ಎಂಬುದರ ಎರಡು ಮುಖಗಳನ್ನು ಬೇರೆ ಮಾಡಿ

ಡಿನೈ ಎಂಬುದರ ಮೊದಲ ಮುಖ ‘ಅಲ್ಲಗಳೆಯುವುದು’. ಅಲ್ಲ ಎಂದು ಕಳೆಯುವುದನ್ನು ಹೇಳುವ ಈ ಕನ್ನಡ ಪದ ಇಂಗ್ಲಿಷಿನದಕ್ಕಿಂತ ನಿಚ್ಚಳವಾಗಿದೆ ಎಂದು ನನಗನ್ನಿಸುತ್ತದೆ. ಇದು ಒಂದು ಹೇಳಿಕೆಯ ಸತ್ಯವನ್ನು ಒಪ್ಪದಿರುವ ಕೆಲಸ. ಪ್ರತಿವಾದಿ ತನ್ನ ಉತ್ತರದಲ್ಲಿ ವಾದಿಯ ಪ್ರತಿಯೊಂದು ಸಂಗತಿಯನ್ನೂ ನಿರ್ದಿಷ್ಟವಾಗಿ ಡಿನೈ ಮಾಡಬೇಕು, ಮಾಡದೆ ಬಿಟ್ಟದ್ದನ್ನು ಒಪ್ಪಿಕೊಂಡಂತೆಯೇ ಎಂದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಹೇಳುತ್ತದೆ. ಅಲ್ಲಿ ರಿಫ್ಯೂಸ್ ಎಂದು ಬರೆದರೆ ಅರ್ಥವೇ ಇರುವುದಿಲ್ಲ, ಏಕೆಂದರೆ ಸಂಗತಿಗಳನ್ನು ಯಾರೂ ನಮಗೆ ತಟ್ಟೆಯಲ್ಲಿಟ್ಟು ನೀಡುತ್ತಿಲ್ಲ.

ಎರಡನೆಯ ಮುಖ ‘ಕೊಡದೆ ತಡೆಹಿಡಿಯುವುದು’. ನಮ್ಮ ಸಂವಿಧಾನದ 14ನೆಯ ಅನುಚ್ಛೇದದಲ್ಲಿ, ಕಾನೂನಿನ ಮುಂದಿನ ಸಮಾನತೆಯನ್ನು ರಾಜ್ಯವು ಯಾರಿಗೂ ಡಿನೈ ಮಾಡಬಾರದು ಎಂದಿದೆ. ಇಲ್ಲಿ ಕಳೆದುಕೊಳ್ಳುವ ವ್ಯಕ್ತಿಗೆ ಅದು ಸಲ್ಲಬೇಕಾಗಿತ್ತು ಎಂಬ ಭಾವ ಅಡಗಿದೆ. ‘ಅವರಿಗೆ ನೀರು ಕೊಡಲಿಲ್ಲ’ ಎಂಬುದನ್ನು ರಿಫ್ಯೂಸ್ ಎಂದು ಹೇಳಿದರೆ ಕೊಡದವರ ಹಟ ಮುಂದೆ ಬರುತ್ತದೆ. ಡಿನೈ ಎಂದು ಹೇಳಿದರೆ ಬಾಯಾರಿದವರ ಹಕ್ಕು ಮುಂದೆ ಬರುತ್ತದೆ. ಅನ್ಯಾಯದ ಬಗ್ಗೆ ಬರೆಯುವವರು ಈ ಸೂಕ್ಷ್ಮವನ್ನು ಬಿಡಬಾರದು.

ಇದು ಆಸ್ಪತ್ರೆಯ ಬಾಗಿಲಲ್ಲಿ ಹಣದ ಪ್ರಶ್ನೆಯೂ ಆಗುತ್ತದೆ. ನಮ್ಮ ಬೀದಿಯ ಹಿರಿಯರೊಬ್ಬರಿಗೆ ಶಸ್ತ್ರಚಿಕಿತ್ಸೆಯಾಗಬೇಕಿದ್ದಾಗ, ವಿಮೆಯವರಿಂದ ‘ಕ್ಯಾಶ್‌ಲೆಸ್ ಡಿನೈಡ್’ ಎಂಬ ಸಂದೇಶ ಬಂತು. ಮನೆಯವರು ವಿಮೆಯ ಹಣವೇ ಬರುವುದಿಲ್ಲವೆಂದುಕೊಂಡು, ಒಡವೆ ಅಡವಿಟ್ಟು ಬಿಲ್ಲು ಕಟ್ಟಿ, ಕಾಗದಗಳನ್ನೂ ಜೋಪಾನ ಮಾಡಲಿಲ್ಲ. ಆ ಹಂತದಲ್ಲಿ ಇಲ್ಲವೆಂದದ್ದು, ವಿಮೆಯವರೇ ಆಸ್ಪತ್ರೆಗೆ ನೇರವಾಗಿ ಹಣ ಕಟ್ಟುವ ಮುಂಗಡ ಒಪ್ಪಿಗೆಯ ಸೌಲಭ್ಯವನ್ನು ಮಾತ್ರ. ಬಿಲ್ಲು ಕಟ್ಟಿ, ಮೂಲ ರಸೀತಿಗಳನ್ನೂ ಡಿಸ್ಚಾರ್ಜ್ ಸಾರಾಂಶವನ್ನೂ ಸೇರಿಸಿ, ಬಳಿಕ ಮರುಪಾವತಿಗೆ ಅರ್ಜಿ ಹಾಕುವ ದಾರಿ ತೆರೆದೇ ಇತ್ತು. ಯಾವುದನ್ನು ಡಿನೈ ಮಾಡಿದ್ದಾರೆ ಎಂಬ ಕರ್ಮಪದವನ್ನು ಹುಡುಕದೆ ಈ ಪದವನ್ನು ಎಂದಿಗೂ ಓದಬೇಡಿ. ವಿಮಾ ಕಂಪನಿ ಪಾಲಿಸಿಯಡಿ ತನ್ನ ಹೊಣೆಯನ್ನೇ ಅಲ್ಲಗಳೆದಾಗ ಪತ್ರದಲ್ಲಿ ಸಾಮಾನ್ಯವಾಗಿ ಬರುವ ಪದ ರಿಪ್ಯೂಡಿಯೇಟ್. ಲ್ಯಾಟಿನ್ನಿನಲ್ಲಿ ಅದು ವಿವಾಹ ವಿಚ್ಛೇದನಕ್ಕೆ ಸಂಬಂಧಿಸಿದ ಪದ. ಸಂಬಂಧವನ್ನೇ ಕಡಿದುಕೊಳ್ಳುವ ಆ ಬಿರುಸು ಇಂದಿಗೂ ಅದರಲ್ಲಿದೆ. ಅಂಥ ಪತ್ರ ಬಂದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು, ಅಲ್ಲಿ ನ್ಯಾಯ ಸಿಗದಿದ್ದರೆ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮೆಯ ದೂರುಗಳನ್ನು ವಿಚಾರಿಸುವ ಅಧಿಕಾರಿಯ ಬಳಿ ಹೋಗಬಹುದು. ಅವರ ಕಚೇರಿ ಬೆಂಗಳೂರಿನಲ್ಲಿಯೂ ಇದೆ.

ಐದನೆಯ ಹೆಜ್ಜೆ: ಪದದ ಬಳಿಕ ಬರುವುದನ್ನು ಸರಿಪಡಿಸಿಕೊಳ್ಳಿ

ಪದ ಸರಿಯಾದರೂ ಅದರ ಬೆನ್ನಿಗೆ ಬರುವ ರೂಪ ತಪ್ಪುವುದುಂಟು. ರಿಫ್ಯೂಸ್ ಮತ್ತು ಡಿಕ್ಲೈನ್‌ಗಳ ಮುಂದೆ ‘ಟು’ ಸೇರಿದ ಕ್ರಿಯಾಪದ ಬರಬಹುದು, ನಾಮಪದವೂ ಬರಬಹುದು. ರಿಜೆಕ್ಟ್ ಮುಂದೆ ನಾಮಪದ ಮಾತ್ರ. ‘ರಿಜೆಕ್ಟೆಡ್ ಟು ಕಮ್’ ಎಂಬುದು ಇಂಗ್ಲಿಷೇ ಅಲ್ಲ. ಡಿನೈ ಮುಂದೆ ‘ಟು’ ಹಾಕಬೇಡಿ: ಹಣ ತೆಗೆದುಕೊಂಡದ್ದನ್ನು ಅಲ್ಲಗಳೆದರೆ ‘ಡಿನೈಡ್ ಟೇಕಿಂಗ್ ದಿ ಮನಿ’, ತೆಗೆದುಕೊಳ್ಳಲು ಒಲ್ಲೆನೆಂದರೆ ‘ರಿಫ್ಯೂಸ್ಡ್ ಟು ಟೇಕ್ ದಿ ಮನಿ’. ಮೊದಲನೆಯದರಲ್ಲಿ ಆತ ಆರೋಪಿ, ಎರಡನೆಯದರಲ್ಲಿ ಪ್ರಾಮಾಣಿಕ. ಇವನ್ನು ಅದಲುಬದಲು ಮಾಡಿದ ವರದಿ ಒಬ್ಬ ಮನುಷ್ಯನ ಹೆಸರನ್ನೇ ಕೆಡಿಸಬಲ್ಲದು.

ನಾಮಪದಗಳಲ್ಲಿ ರಿಫ್ಯೂಸಲ್, ರಿಜೆಕ್ಷನ್, ಡಿನಯಲ್ ಸುಲಭ. ಡಿಕ್ಲೈನ್ ಎಂಬುದು ನಾಮಪದವಾದಾಗ ಇಳಿಮುಖ, ಕುಸಿತ ಎಂಬ ಅರ್ಥವನ್ನೇ ಕೊಡುವುದರಿಂದ ‘ಮೈ ಡಿಕ್ಲೈನ್’ ಎಂದು ಬರೆಯದೆ ಕ್ರಿಯಾಪದವನ್ನೇ ಬಳಸಿ. ರಿಫ್ಯೂಸ್ ಪದದ ಮೊದಲ ಅಕ್ಷರಕ್ಕೆ ಒತ್ತು ಕೊಟ್ಟು ‘ರೆಫ್ಯೂಸ್’ ಎಂದರೆ ಅದು ಕಸಕಡ್ಡಿ ಎಂಬ ಬೇರೆಯೇ ನಾಮಪದ.

ಆರನೆಯ ಹೆಜ್ಜೆ: ಅವಮಾನ ಸೇರಿದ್ದರೆ ಪದ ಬದಲಿಸಿ

ಒಲ್ಲೆನೆನ್ನುವುದರ ಜೊತೆಗೆ ಎದುರಿನವರ ಮುಖಕ್ಕೆ ಹೊಡೆದಂತಾದರೆ ರಿಬಫ್. ನಮ್ಮ ಪತ್ರಿಕೆಗಳ ‘ಮುಖಭಂಗ’ ಇದಕ್ಕೆ ತೀರ ಹತ್ತಿರದ ಪದ. ಸಂಧಾನಕ್ಕೆ ಕೈ ಚಾಚಿದವರನ್ನು ಎಲ್ಲರೆದುರು ಹಿಂದಕ್ಕಟ್ಟಿದರೆ ಅದು ರಿಬಫ್. ಪರೀಕ್ಷೆಯಲ್ಲಿ ನಪಾಸಾದರೆ ಅಲ್ಲ, ಏಕೆಂದರೆ ಅಲ್ಲಿ ಚಾಚಿದ ಕೈ ಇಲ್ಲ. ಸ್ಪರ್ನ್ ಎಂಬುದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಕಾಲಿನಿಂದ ಒದೆಯುವುದು ಎಂಬ ಅರ್ಥವಿತ್ತು, ಒದ್ದುಹಾಕುವ ತಾತ್ಸಾರ ಈಗಲೂ ಅದರಲ್ಲಿ ಉಳಿದಿದೆ. ಕಚೇರಿಯ ಪತ್ರದಲ್ಲಿ ಅದಕ್ಕೆ ಜಾಗವಿಲ್ಲ.

ಏಳನೆಯ ಹೆಜ್ಜೆ: ಹಿನ್ನಡೆಯನ್ನು ಸೋಲಿನಿಂದ ಬೇರ್ಪಡಿಸಿ

ನಿರಾಕರಣೆಯ ಪದಗಳು ಹೇಳುವವರ ಕಡೆಯಿಂದ ಹೊರಡುತ್ತವೆ, ಸೆಟ್‌ಬ್ಯಾಕ್ ಅನುಭವಿಸುವವರ ಕಡೆಯದು. ಕನ್ನಡದ ‘ಹಿನ್ನಡೆ’ ಇದಕ್ಕೆ ಬಹುಮಟ್ಟಿಗೆ ಸರಿಹೊಂದುತ್ತದೆ, ಆ ಪದದಲ್ಲಿರುವ ನಡೆಯನ್ನು ಮರೆಯದಿದ್ದರೆ. ಮುಂದಕ್ಕೆ ಸಾಗುತ್ತಿದ್ದುದು ಹಿಂದಕ್ಕೆ ಸರಿಯಬೇಕು, ಮತ್ತು ದಾರಿ ಇನ್ನೂ ಮುಗಿದಿರಬಾರದು: ಇವೆರಡೂ ಇದ್ದರೆ ಮಾತ್ರ ಸೆಟ್‌ಬ್ಯಾಕ್. ಇನ್ನೂ ಹೊರಡದವರ ಎದುರಿಗಿರುವುದು ಆಬ್‌ಸ್ಟಕಲ್, ಅಂದರೆ ಅಡ್ಡಿ. ಹೊರಟದ್ದು ಅಲ್ಲಿಗೇ ಮುಗಿದುಹೋದರೆ ಫೇಲ್ಯೂರ್. ಎದುರಾಳಿ ಇದ್ದು ಅವನು ಗೆದ್ದರೆ ಡಿಫೀಟ್. ಗುಣವಾದ ಕಾಯಿಲೆಯೇ ಮತ್ತೆ ಮರುಕಳಿಸಿದರೆ ರಿಲ್ಯಾಪ್ಸ್. ಚೇತರಿಸಿಕೊಳ್ಳುತ್ತಿದ್ದ ರೋಗಿಗೆ ನಡುವೆ ಬೇರೆ ಸೋಂಕು ತಗುಲಿ ಎರಡು ವಾರ ತಡವಾದರೆ ಅದು ಸೆಟ್‌ಬ್ಯಾಕ್.

ಫೇಲ್ಯೂರ್ ಮತ್ತು ಸೆಟ್‌ಬ್ಯಾಕ್ ಒಂದೇ ಘಟನೆಯಲ್ಲಿ ಒಟ್ಟಿಗೆ ಇರಬಲ್ಲವು, ಯಾವುದರ ಬಗ್ಗೆ ಹೇಳುತ್ತಿದ್ದೇವೆ ಎಂಬುದರ ಮೇಲೆ ಪದ ನಿಲ್ಲುತ್ತದೆ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನ ನೆಲದಿಂದ 2.1 ಕಿಲೋಮೀಟರ್ ಎತ್ತರದವರೆಗೆ ಸರಿಯಾಗಿ ಇಳಿದು, ಬಳಿಕ ಬೆಂಗಳೂರಿನ ನಿಯಂತ್ರಣ ಕೇಂದ್ರದೊಂದಿಗೆ ಸಂಪರ್ಕ ಕಳೆದುಕೊಂಡಿತು. ಮೆದುವಾಗಿ ಇಳಿಸುವ ಆ ಯತ್ನ ಫೇಲ್ಯೂರ್. ಆದರೆ ಆರ್ಬಿಟರ್ ಚಂದ್ರನನ್ನು ಸುತ್ತುತ್ತ ಕೆಲಸ ಮುಂದುವರಿಸಿತು, 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಬಳಿ ಇಳಿಯಿತು. ಹಾಗಾಗಿ ನಮ್ಮ ಚಂದ್ರಾನ್ವೇಷಣೆಯ ಒಟ್ಟು ನಡಿಗೆಯಲ್ಲಿ ಅದು ಸೆಟ್‌ಬ್ಯಾಕ್. ಲ್ಯಾಂಡರ್ ಬಗ್ಗೆ ಸೆಟ್‌ಬ್ಯಾಕ್ ಎಂದು ಬರೆದರೆ ಸತ್ಯವನ್ನು ಮೃದುಮಾಡಿದಂತಾಗುತ್ತದೆ, ಕಾರ್ಯಕ್ರಮದ ಬಗ್ಗೆ ಫೇಲ್ಯೂರ್ ಎಂದು ಬರೆದರೆ ದುಡಿದವರಿಗೆ ಅನ್ಯಾಯವಾಗುತ್ತದೆ. ಮಕ್ಕಳ ಅಂಕಪಟ್ಟಿ ನೋಡಿ ಶಿಕ್ಷಕರು ಇಂಗ್ಲಿಷಿನಲ್ಲಿ ಷರಾ ಬರೆಯುವಾಗಲೂ ಇದೇ ಎಚ್ಚರ ಇರಲಿ ಎಂದು ನಾನು ಮನಸಾರೆ ಕೇಳಿಕೊಳ್ಳುತ್ತೇನೆ: ಒಂದು ವಿಷಯದಲ್ಲಿ ನಪಾಸಾದದ್ದು ಆ ಪರೀಕ್ಷೆಯ ಮಟ್ಟಿಗೆ ಫೇಲ್ಯೂರ್, ಮಗುವಿನ ಓದಿನ ಮಟ್ಟಿಗೆ ಸೆಟ್‌ಬ್ಯಾಕ್.

ಇನ್ನು ಬರಹದ ರೂಪ. ನಾಮಪದವಾದಾಗ ಸೆಟ್‌ಬ್ಯಾಕ್ ಒಂದೇ ಪದ, ಕ್ರಿಯಾಪದವಾದಾಗ ಸೆಟ್ ಮತ್ತು ಬ್ಯಾಕ್ ಎರಡು ಪದಗಳು. ಸೆಟ್‌ಬ್ಯಾಕನ್ನು ‘ಸಫರ್’ ಮಾಡುತ್ತಾರೆ ಎನ್ನುವುದು ವಾಡಿಕೆ, ‘ಗೆಟ್’ ಎಂಬುದು ಅಷ್ಟಾಗಿ ಒಪ್ಪುವುದಿಲ್ಲ. ಮನೆ ಕಟ್ಟುವವರು ನಿವೇಶನದ ಗಡಿಗೂ ಗೋಡೆಗೂ ನಡುವೆ ನಿಯಮದಂತೆ ಬಿಡಬೇಕಾದ ಖಾಲಿ ಜಾಗಕ್ಕೂ ಸೆಟ್‌ಬ್ಯಾಕ್ ಎಂದೇ ಹೆಸರು. ಬೆಂಗಳೂರಿನ ಮೇಸ್ತ್ರಿಗಳು ‘ಸೆಟ್‌ಬ್ಯಾಕ್ ಎಷ್ಟು ಬಿಡಬೇಕು ಸಾರ್’ ಎಂದು ಕೇಳುವುದು ಈ ಅರ್ಥದಲ್ಲಿ. ನಕ್ಷೆಯ ಮಂಜೂರಾತಿ ಪತ್ರದಲ್ಲಿ ಆ ಪದ ಕಂಡರೆ, ಅದರ ಪಕ್ಕದಲ್ಲಿ ಬರೆದಿರುವ ಮೀಟರುಗಳ ಲೆಕ್ಕವನ್ನು ನೋಡಿಕೊಳ್ಳಿ.